ಕಾರಣ ತಿಳಿಯದ ನಡುಕವೋ, ಕಾರಣ ಹುಡುಕದ ನಡುಕವೋ?

ಸಾಹಿತ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಮೋಟಾರು ಗಾಡಿಯ ಮಾತೇಕೆ ಎಂದು ವಾಚಕ ಮಹಾಶಯರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಬಹುದು. ನಮ್ಮ ಉತ್ತರ ಇಷ್ಟೆ: ಒಬ್ಬ ಮನುಷ್ಯನು ತನ್ನ ಕೈಗೂ ಮೈಗೂ ಅನುಭವಕ್ಕೆ ಬಂದ ಸಂಗತಿಯನ್ನು ತನ್ನ ಮಾತಿನಲ್ಲಿ ಹೇಳಿದಾಗ ಆ ಮಾತಿಗೆ ಬೆಲೆಯುಂಟೋ ಇಲ್ಲವೋ ಎಂಬುದು ಸಾಹಿತ್ಯದ ಪ್ರಶ್ನೆಯೂ ಹೌದು. ಹೊಸ ಕಾರು ಕೊಂಡವನು ‘ಗಾಡಿ ನಡುಗುತ್ತದೆ’ ಎನ್ನುತ್ತಾನೆ. ಮಾರಿದವನು ‘ಎಲ್ಲ ಗಾಡಿಗಳೂ ಹೀಗೆಯೇ’ ಎನ್ನುತ್ತಾನೆ. ಈ ಎರಡು ವಾಕ್ಯಗಳ ನಡುವೆ ಇಂದು ಎಷ್ಟೋ ಸಂಸಾರಗಳ ಹಣವೂ ನೆಮ್ಮದಿಯೂ ಸಿಕ್ಕಿಕೊಂಡಿವೆ. ಎರಡನೆಯ ವಾಕ್ಯವು ಉತ್ತರವಲ್ಲ, ಉತ್ತರದ ವೇಷ ಹಾಕಿಕೊಂಡ ಮೌನ ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ಹೇಳಬೇಕು. ಜಹೀರಾಬಾದು, ನಾರಾಯಣಖೇಡ, ತಾಂಡೂರು ಈ ಮೂರು ಊರುಗಳ ಸುತ್ತಿನಲ್ಲಿ ಒಂದು ತಲೆಮಾರಿನ ಹಿಂದೆ ಕಾರೆಂಬುದು ವೈದ್ಯರ ಮನೆಯ, ಸಾಹುಕಾರರ ಮನೆಯ ವಸ್ತುವಾಗಿತ್ತು. ಈಗ ಹಾಗಿಲ್ಲ. ಶಾಲಾ ಶಿಕ್ಷಕರು, ಬ್ಯಾಂಕಿನ ಗುಮಾಸ್ತರು, ಕಬ್ಬು ಬೆಳೆಯುವವರು, ತೊಗರಿ ಬೆಳೆಯುವವರು, ಕಲ್ಲಿನ ಗಣಿಯ ಮೇಸ್ತ್ರಿಗಳು ಕೂಡ ಕಾರು ಕೊಳ್ಳುತ್ತಿದ್ದಾರೆ. ಇದನ್ನು ಆಡಂಬರವೆಂದು ಹಳಿಯುವುದು ಸುಲಭ. ಆದರೆ ನಾರಾಯಣಖೇಡಕ್ಕೆ ರೈಲಿಲ್ಲ. ನಡುರಾತ್ರಿಯಲ್ಲಿ ಮಗುವಿಗೆ ಜ್ವರ ಏರಿದರೆ ಬೀದರಿಗೋ ಸಂಗಾರೆಡ್ಡಿಗೋ ಓಡಬೇಕಾದವರಿಗೆ ಗಾಡಿಯು ಭೂಷಣವಲ್ಲ, ಊರುಗೋಲು. ಆ ಊರುಗೋಲಿಗಾಗಿ ಅವರು ಐದು, ಏಳು ವರ್ಷಗಳ ಸಾಲಕ್ಕೆ ರುಜು ಹಾಕಿರುತ್ತಾರೆ. ತಿಂಗಳ ಮೊದಲ ವಾರದಲ್ಲಿ ಸಂಬಳದಿಂದ ಕಂತು ಮುರಿದುಹೋಗುತ್ತದೆ. ಗಾಡಿ ನಡುಗಲಿ, ನಡುಗದಿರಲಿ, ಕಂತು ಮಾತ್ರ ಅಲುಗುವುದಿಲ್ಲ.

ನಮ್ಮ ಬಳಗದ ಶಿಕ್ಷಕರೊಬ್ಬರಿಗೆ ಒದಗಿದ್ದನ್ನು ಉದಾಹರಣೆಯಾಗಿ ಹೇಳುತ್ತೇವೆ. ಅವರು ನಗರದ ಮಾರಾಟಗಾರರೊಬ್ಬರಲ್ಲಿ ಹೊಚ್ಚ ಹೊಸ ಕಾರನ್ನು ಕೊಂಡರು. ಊರಿನೊಳಗೆ ಗಾಡಿ ಹೂವಿನಂತೆ ಓಡುತ್ತಿತ್ತು. ಹೆದ್ದಾರಿಗೆ ಬಂದು ವೇಗವು ಗಂಟೆಗೆ 80 ಕಿಲೋಮೀಟರನ್ನು ದಾಟಿದೊಡನೆ ಸ್ಟಿಯರಿಂಗು ಅದುರಲು ತೊಡಗುತ್ತಿತ್ತು. ನೂರರ ಸುಮಾರಿಗೆ ಅದುರು ನಡುಕವಾಗುತ್ತಿತ್ತು. ಅವರು ದೂರು ಕೊಟ್ಟರು. ಮೊದಲನೆಯ ಸಲ ಟೈರುಗಳ ಗಾಳಿಯನ್ನು ಸರಿಪಡಿಸಿದೆವು ಎಂದರು. ಎರಡನೆಯ ಸಲ ಬ್ಯಾಲೆನ್ಸಿಂಗು ಮಾಡಿದರು. ಮೂರನೆಯ ಸಲ ಅಲೈನ್‌ಮೆಂಟು. ನಾಲ್ಕನೆಯ ಸಲ ಗಾಡಿಯ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರು ಹಾಕಿದರು. ಐದನೆಯ ಸಲ ಏನನ್ನೂ ಮಾಡದೆ, ‘ಸರ್, ಈ ಮಾದರಿಯ ಎಲ್ಲ ಗಾಡಿಗಳೂ ಹೀಗೆಯೇ’ ಎಂದು ಕೈಕುಲುಕಿ ಕಳುಹಿಸಿದರು. ಪ್ರತಿ ಸಲವೂ ಒಂದು ದಿನದ ರಜೆ, ಹೋಗಿಬರಲು ಇನ್ನೂರು ಕಿಲೋಮೀಟರು, ಸಂಜೆಯ ಹೊತ್ತಿಗೆ ಸಂತೃಪ್ತಿಪತ್ರಕ್ಕೆ ಒಂದು ರುಜು. ಹೀಗೆ ಎಂಟು ತಿಂಗಳು ಕಳೆದವು.

ಕೊನೆಗೆ ಕಾರಣವನ್ನು ಕಂಡುಹಿಡಿದವರು ಜಹೀರಾಬಾದಿನ ಬಳಿ ಹೆದ್ದಾರಿಯ ಬದಿಯಲ್ಲಿ ಪಂಕ್ಚರು ತಿದ್ದುವ ಒಬ್ಬ ಮುದುಕರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮಾಸ್ತರ್ರೇ, ನಡುಕ ಕೈಗಿ ಬರ್ತದೋ, ಕುಂತಲ್ಲಿ ಬರ್ತದೋ?’ ಕೈಗೆ ಎಂದು ಉತ್ತರ ಬಂದಿತು. ಮುದುಕರು ಮುಂದಿನ ಎಡಗಾಲಿಯನ್ನು ಬಿಚ್ಚಿ ಹಿಂದಕ್ಕೂ ಹಿಂದಿನ ಎಡಗಾಲಿಯನ್ನು ಮುಂದಕ್ಕೂ ಹಾಕಿ, ಓಡಿಸಿಕೊಂಡು ಬನ್ನಿರಿ ಎಂದರು. ಓಡಿಸಿ ಬರುವಷ್ಟರಲ್ಲಿ ನಡುಕವು ಕೈಯನ್ನು ಬಿಟ್ಟು ಆಸನಕ್ಕೆ ಇಳಿದಿತ್ತು. ಆಗ ಅವರು ಹಿಂಬದಿಯನ್ನು ಜಾಕಿಯ ಮೇಲೆ ಏರಿಸಿ, ಗಾಲಿಯನ್ನು ಕೈಯಿಂದ ತಿರುಗಿಸುತ್ತ, ಒಂದು ಕಲ್ಲಿನ ಆಸರೆಯಲ್ಲಿ ಸೀಮೆಸುಣ್ಣದ ತುಂಡನ್ನು ಟೈರಿನ ಮೈಗೆ ಸೋಕುವಂತೆ ಅಲುಗದೆ ಹಿಡಿದರು. ಸುಣ್ಣದ ಗೆರೆಯು ಸುತ್ತಲೂ ಬೀಳಲಿಲ್ಲ. ಒಂದು ಕಡೆ ಮಾತ್ರ ದಟ್ಟವಾಗಿ ಬಿದ್ದಿತು. ಟೈರು ದುಂಡಗಿರಲಿಲ್ಲ. ಆ ಬಳಿಕ ಮಾರಾಟಗಾರರಿಗೆ ರಿಜಿಸ್ಟರು ಅಂಚೆಯಲ್ಲಿ ಪತ್ರ ಹೋಯಿತು. ಮೂರು ವಾರಗಳಲ್ಲಿ ಟೈರನ್ನು ಬದಲಾಯಿಸಿಕೊಟ್ಟರು. ನಡುಕ ನಿಂತಿತು.

ಎಂಟು ತಿಂಗಳ ಕಾಲ ಆ ಗಾಡಿಯ ಕಾಗದಪತ್ರದಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದೇ ಬರೆದಿತ್ತು. ಕಾರಣ ತಿಳಿಯದ ನಡುಕ ಬೇರೆ, ಕಾರಣ ಹುಡುಕದ ನಡುಕ ಬೇರೆ. ಮೊದಲನೆಯದು ವಿದ್ಯೆಯ ಮಿತಿ, ಅದನ್ನು ಕ್ಷಮಿಸಬಹುದು. ಎರಡನೆಯದು ಮನಸ್ಸಿನ ಮಿತಿ. ಅದನ್ನು ಮೊದಲನೆಯದರ ಹೆಸರಿನಲ್ಲಿ ಮಾರಬಾರದು.

ಈಗ ಆ ಪ್ರಸಿದ್ಧವಾದ ಉತ್ತರಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ‘ಎಲ್ಲ ಗಾಡಿಗಳೂ ಹೀಗೆಯೇ’ ಎಂಬುದು ಮೊದಲನೆಯದು. ತೆಲುಗಿನಲ್ಲಿ ‘ಇಟ್ಲನೇ ಉಂಟದಿ ಸಾರ್’ ಎನ್ನಲಿ, ದಖ್ಖನಿಯಲ್ಲಿ ‘ಐಸಾಇಚ್ ರೆಹತಾ ಸಾಬ್’ ಎನ್ನಲಿ, ಅರ್ಥ ಒಂದೇ. ಇದು ನಿಜವೋ ಸುಳ್ಳೋ ಎಂದು ತಿಳಿಯುವುದು ಕಠಿನವಲ್ಲ. ಅದೇ ಮಾದರಿಯ ಇನ್ನೊಂದು ಗಾಡಿಯನ್ನು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಕೊಂಡವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದರೆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಅದು ನಡುಗದಿದ್ದರೆ ಉತ್ತರವು ಸುಳ್ಳು. ಅದೂ ನಡುಗಿದರೆ? ಆಗಲೂ ಮಾರಿದವನು ಗೆದ್ದಂತಾಗುವುದಿಲ್ಲ. ಒಂದು ತರಗತಿಯ ಮಕ್ಕಳೆಲ್ಲರೂ ಒಂದೇ ಲೆಕ್ಕವನ್ನು ಒಂದೇ ರೀತಿಯಲ್ಲಿ ತಪ್ಪು ಮಾಡಿದರೆ ಆ ತಪ್ಪು ಸರಿಯುತ್ತರವಾಗುವುದಿಲ್ಲ. ಕಲಿಸಿದವನ ಕಡೆಗೆ ನೋಡಬೇಕಾಗುತ್ತದೆ. ಎಲ್ಲ ಗಾಡಿಗಳಿಗೂ ನಡುಕವಿದೆ ಎಂಬುದು ಸಮಾಧಾನವಲ್ಲ, ತಯಾರಕನ ಮೇಲಿನ ದೊಡ್ಡ ಆರೋಪ. ಅದನ್ನು ಮಾರಾಟಗಾರನೇ ನಗುತ್ತ ಹೇಳುತ್ತಿರುವುದು ವಿಚಿತ್ರ.

‘ನಿಮ್ಮ ಕಡೆಯ ರಸ್ತೆ ಸರಿಯಿಲ್ಲ’ ಎಂಬುದು ಎರಡನೆಯ ಉತ್ತರ. ನಮ್ಮ ಹಳ್ಳಿಗಳ ರಸ್ತೆ ಹೇಗಿದೆಯೆಂಬುದು ಮಾರಾಟಗಾರನಿಗಿಂತ ನಮಗೆ ಚೆನ್ನಾಗಿ ಗೊತ್ತು. ಆದರೆ ರಸ್ತೆಯ ಹೊಡೆತಕ್ಕೂ ಗಾಲಿಯ ನಡುಕಕ್ಕೂ ಮಗುವಾದರೂ ಗುರುತಿಸಬಲ್ಲ ಭೇದವಿದೆ. ರಸ್ತೆಯ ಹೊಡೆತಕ್ಕೆ ತಾಳವಿಲ್ಲ. ಗುಂಡಿ ಬಂದಾಗ ಬರುತ್ತದೆ, ಗುಂಡಿ ಹೋದಾಗ ಹೋಗುತ್ತದೆ. ಗಾಲಿಯ ನಡುಕಕ್ಕೆ ತಾಳವಿದೆ. ವೇಗ ಹೆಚ್ಚಿದಂತೆ ತಾಳವೂ ದ್ರುತವಾಗುತ್ತದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಜಹೀರಾಬಾದಿನ ಮೂಲಕವೇ ಹಾದುಹೋಗುತ್ತದೆ. ಹಳ್ಳಿಯ ಕಚ್ಚಾ ದಾರಿಯಲ್ಲಿ ಕಾಣದ ನಡುಕವು ಆ ಹೆದ್ದಾರಿಯ ಸಮನಾದ ಮೈಯ ಮೇಲೆ ಕಾಣಿಸಿಕೊಂಡರೆ ತಪ್ಪನ್ನು ಯಾವ ರಸ್ತೆಯ ಮೇಲೆ ಹೊರಿಸುವುದು?

‘ಹೊಸದಲ್ಲವೆ, ಓಡಿ ಓಡಿ ಸರಿಹೋಗುತ್ತದೆ’ ಎಂಬುದು ಮೂರನೆಯದು. ಇದರಲ್ಲಿ ಒಂದು ಹಿಡಿ ಸತ್ಯವಿದೆ. ಮಾರಾಟವಾಗದೆ ತಿಂಗಳುಗಟ್ಟಲೆ ಬಯಲಿನಲ್ಲಿ ನಿಂತ ಗಾಡಿಯ ಟೈರು ನೆಲಕ್ಕೊತ್ತಿದ ಕಡೆ ಚಪ್ಪಟೆಯಾಗುವುದುಂಟು. ಓಡಿ ಬಿಸಿಯಾದ ಮೇಲೆ ಬಹುಮಟ್ಟಿಗೆ ದುಂಡಗಾಗುವುದೂ ಉಂಟು. ಆದರೆ ನೂರಾರು ಕಿಲೋಮೀಟರು ಓಡಿದ ಮೇಲೂ ಉಳಿದ ನಡುಕಕ್ಕೆ ಈ ಸಮಾಧಾನ ಸಲ್ಲದು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದುದು. ಗಾಡಿಯನ್ನು ಒಪ್ಪಿಕೊಳ್ಳುವ ದಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವ ಮೊದಲು ಈ ನಾಲ್ಕು ಅಂಕಿಗಳನ್ನು ಓದಿದರೆ ಪೂಜೆಗೆ ಭಂಗವೇನೂ ಬಾರದು.

ಉಳಿದದ್ದು ‘ಕಂಪ್ಯೂಟರು ಹಚ್ಚಿ ನೋಡಿದೆವು, ದೋಷ ಕಾಣಲಿಲ್ಲ’ ಎಂಬ ಉತ್ತರ. ಕಂಪ್ಯೂಟರಿಗೆ ಗಾಡಿಯ ಒಳಗಿನ ವಿದ್ಯುತ್ತಿನ ಸಂದೇಶಗಳು ತಿಳಿಯುತ್ತವೆ. ಟೈರು ದುಂಡಗಿದೆಯೆ, ರಿಮ್ಮು ಸೊಟ್ಟಾಗಿದೆಯೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಕುರುಡನನ್ನು ಸಾಕ್ಷಿಗೆ ಕರೆದು, ಅವನು ನೋಡಲಿಲ್ಲವೆಂದುದರಿಂದ ಘಟನೆಯೇ ನಡೆಯಲಿಲ್ಲವೆನ್ನುವುದು ಎಂತಹ ನ್ಯಾಯ?

ನಡುಕದ ಶಾಸ್ತ್ರವು ಅಷ್ಟೇನೂ ಗಹನವಲ್ಲ. ಸಾಮಾನ್ಯ ಕಾರಿನ ಗಾಲಿಯ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ತೂಕ ಒಂದು ಕಡೆ ಹೆಚ್ಚಾಗಿದೆಯೆಂದು ಭಾವಿಸೋಣ. ಗಾಡಿ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವಾಗ ಆ 30 ಗ್ರಾಂ ಸುಮಾರು 5 ಕಿಲೋಗ್ರಾಂ ತೂಕದಷ್ಟು ಬಲದಿಂದ ಅಚ್ಚನ್ನು ಎಳೆಯುತ್ತದೆ. ಅದೂ ಸೆಕೆಂಡಿಗೆ ಸುಮಾರು 15 ಸಲ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಈ ಬಲವು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆದುದರಿಂದ 50 ಕಿಲೋಮೀಟರು ವೇಗದಲ್ಲಿ ಅದು ಅರ್ಧವಲ್ಲ, ಕಾಲು ಭಾಗ. ಎಂದರೆ ಒಂದೂಕಾಲು ಕಿಲೋಗ್ರಾಮಿನಷ್ಟು. ನಗರದ ಜನಜಂಗುಳಿಯ ರಸ್ತೆಯಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ಒಂದು ಸುತ್ತು ಹಾಕಿ ‘ನಡುಕ ಕಾಣಲಿಲ್ಲ’ ಎಂದು ಬರೆಯುವವರು ಕಾಣದಂತಹ ಸ್ಥಳವನ್ನೇ ಆರಿಸಿಕೊಂಡು ಹುಡುಕಿದವರು. ಇನ್ನೂ ಒಂದು ಮಾತು: ತೂಕ ಸಮವಾಗಿದ್ದ ಮಾತ್ರಕ್ಕೆ ಗಾಲಿ ದುಂಡಗಿರಬೇಕೆಂದಿಲ್ಲ. ಮೊಟ್ಟೆಯಾಕಾರದ ವಸ್ತುವನ್ನೂ ತೂಕದಲ್ಲಿ ಸಮ ಮಾಡಬಹುದು. ಬ್ಯಾಲೆನ್ಸಿಂಗು ಯಂತ್ರವು ಸೊನ್ನೆ ತೋರಿಸಿದ ಮೇಲೂ ನಡುಕ ಉಳಿಯುವುದು ಹೀಗೆ. ಬಂಡಿಯ ಗಾಲಿಯನ್ನು ಕಟ್ಟುವ ಬಡಗಿಯು ಅದನ್ನು ಅಚ್ಚಿಗೇರಿಸಿ, ತಿರುಗಿಸಿ, ಕಣ್ಣಳತೆಯಿಂದ ಓರೆಕೋರೆ ನೋಡದೆ ಒಪ್ಪಿಸುತ್ತಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಗಾಡಿಗೆ ಅಷ್ಟು ಮರ್ಯಾದೆಯೂ ಬೇಡವೆ?

ನಡುಕದ ಮೂಲವನ್ನು ಅದರ ನಡತೆಯೇ ಹೇಳುತ್ತದೆ. ನಿಂತಲ್ಲಿಯೇ, ಎಂಜಿನ್ನು ಓಡುತ್ತಿರುವಾಗ ಅದುರಿದರೆ ಎಂಜಿನ್ನಿನ ಕಡೆಗೆ, ಅದನ್ನು ಹೊತ್ತಿರುವ ರಬ್ಬರಿನ ಮೌಂಟಿಂಗುಗಳ ಕಡೆಗೆ ನೋಡಬೇಕು. ಗೇರು ಯಾವುದಿದ್ದರೂ ಗಾಡಿಯ ಒಂದು ವೇಗದಲ್ಲಿಯೇ ಬರುವುದಾದರೆ ಗಾಲಿ, ಟೈರು, ರಿಮ್ಮು. ಗೇರು ಬದಲಾಯಿಸಿದಾಗ ನಡುಕದ ಗತಿಯೂ ಬದಲಾದರೆ ಮತ್ತೆ ಎಂಜಿನ್ನು. ವೇಗ ಏರಿಸುವಾಗ ಮಾತ್ರ ಬಂದು, ಕಾಲು ಸಡಿಲಿಸಿದೊಡನೆ ಹೋದರೆ ಗಾಲಿಗೆ ಬಲವನ್ನು ಒಯ್ಯುವ ದಂಡ ಮತ್ತು ಅದರ ಕೀಲು. ಬ್ರೇಕು ಒತ್ತಿದಾಗ ಮಾತ್ರ ಬಂದರೆ ಬ್ರೇಕಿನ ತಟ್ಟೆ. ಸ್ಟಿಯರಿಂಗು ನಡುಗಿದರೆ ಹೆಚ್ಚಾಗಿ ಮುಂದಿನ ಗಾಲಿ, ಆಸನ ನಡುಗಿದರೆ ಹೆಚ್ಚಾಗಿ ಹಿಂದಿನದು. ಇದು ಗುಟ್ಟಿನ ವಿದ್ಯೆಯಲ್ಲ. ತಾಂಡೂರಿನಿಂದ ಹಾಸುಗಲ್ಲು ಹೇರಿಕೊಂಡು ಹೋಗುವ ಲಾರಿಯ ಚಾಲಕರಿಗೆ ಇದರಲ್ಲಿ ಬಹುಭಾಗ ಗೊತ್ತು. ಕಾರಿನ ಜೋಡಣೆಯ ವಿದ್ಯೆಯೂ ನಮಗೆ ಅಪರಿಚಿತವಲ್ಲ. ಜಹೀರಾಬಾದಿನಲ್ಲಿ 1980ರ ದಶಕದಲ್ಲಿಯೇ ಆಲ್ವಿನ್-ನಿಸ್ಸಾನ್ ಲಘು ವಾಹನಗಳ ಕಾರ್ಖಾನೆ ನಡೆಯಿತು. ಅದು ಮಹೀಂದ್ರ ಸಂಸ್ಥೆಯ ಕೈಸೇರಿದ ಬಳಿಕ 2013ರಿಂದ ಅಲ್ಲಿ ಟ್ರ್ಯಾಕ್ಟರುಗಳೂ ತಯಾರಾಗುತ್ತಿವೆ. ನಮ್ಮ ದೂರು ಆ ಕಾರ್ಖಾನೆಯ ಮೇಲಲ್ಲ. ಹಿಡಿತ ಬಿಗಿಯಾಗಿದೆಯೆ, ಅಳತೆ ಸರಿಯಾಗಿದೆಯೆ ಎಂದು ದಿನವೂ ನೋಡುವ ಕೈಗಳು ನಮ್ಮ ನೆರೆಹೊರೆಯಲ್ಲಿಯೇ ಇವೆ ಎಂಬುದಷ್ಟೇ ನಮ್ಮ ಮಾತು. ಇಂತಹ ಸೀಮೆಯವರಿಗೆ ‘ನಿಮಗೆ ಗಾಡಿ ತಿಳಿಯದು’ ಎಂಬ ಉಪದೇಶ ಒಪ್ಪುವುದಿಲ್ಲ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಕನ್ನಡದಲ್ಲಿ ಈ ಅನುಭವಕ್ಕೆ ಎಷ್ಟು ಮಾತುಗಳಿವೆ ನೋಡಿರಿ: ಅದುರುವುದು, ನಡುಗುವುದು, ಕುಲುಕುವುದು, ಅಲುಗುವುದು, ಜೋಲಿ ಹೊಡೆಯುವುದು, ಗುಂಯ್ಗುಡುವುದು, ಗಡಗಡಿಸುವುದು. ಸಣ್ಣಗೆ ಬೇಗಬೇಗನೆ ಬರುವುದು ಅದುರು. ಇನ್ನೂ ದಪ್ಪಗೆ ಕೈಗೆ ಹತ್ತುವುದು ನಡುಕ. ಮೇಲೆ ಕೆಳಗೆ ಎತ್ತಿಹಾಕುವುದು ಕುಲುಕು. ಅತ್ತಿತ್ತ ತೂಗುವುದು ಜೋಲಿ. ಮೈಗೆ ತಿಳಿಯದೆ ಕಿವಿಗೆ ಮಾತ್ರ ತಿಳಿಯುವುದು ಗುಂಯ್ಗುಟ್ಟುವಿಕೆ. ಪ್ರತಿಯೊಂದು ಮಾತೂ ಬೇರೆ ಬೇರೆ ಭಾಗವನ್ನು ಬೆರಳಿಟ್ಟು ತೋರಿಸಬಲ್ಲದು. ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಇವೆಲ್ಲವೂ ಸೇರಿ ಇಂಗ್ಲೀಷಿನ ಒಂದೇ ಮಾತಾಗುತ್ತವೆ: ‘ವೈಬ್ರೇಷನ್’. ರೋಗಿಯು ನೆತ್ತಿ ಸಿಡಿಯುತ್ತದೆ ಎಂದರೂ, ಹೊಟ್ಟೆ ಹಿಂಡುತ್ತದೆ ಎಂದರೂ, ಕೀಲು ಹಿಡಿಯುತ್ತದೆ ಎಂದರೂ ವೈದ್ಯನು ‘ನೋವು’ ಎಂದು ಒಂದೇ ಮಾತು ಬರೆದುಕೊಂಡರೆ ಮದ್ದು ಹೇಗೆ ಹೊರಟೀತು? ಹುಡುಕಾಟವು ಸೋಲುವುದು ಗಾಡಿಯ ಕೆಳಗಲ್ಲ. ಜಾಬ್ ಕಾರ್ಡಿನ ಮೊದಲ ಸಾಲಿನಲ್ಲಿಯೇ.

ನಮ್ಮಂತಹ ಗಡಿನಾಡಿನವರಿಗೆ ಈ ನಷ್ಟ ಇಮ್ಮಡಿ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಜಹೀರಾಬಾದು, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಆ ಬಳಿಕ ಆಂಧ್ರಪ್ರದೇಶ, 2014ರಿಂದ ತೆಲಂಗಾಣ. ರಾಜ್ಯದ ಭಾಷೆಯಾದ ತೆಲುಗನ್ನೂ, ಪೇಟೆಯ ಮಾತಾದ ದಖ್ಖನಿಯನ್ನೂ ನಾವು ಪ್ರೀತಿಯಿಂದ ಕಲಿತಿದ್ದೇವೆ. ಅವುಗಳ ಮೇಲೆ ನಮಗೆ ಮುನಿಸಿಲ್ಲ. ಆದರೆ ಕೈಯಲ್ಲಿ ಕನ್ನಡದಲ್ಲಿ ನಡುಗಿದ್ದು, ಕೌಂಟರಿನ ಮುಂದೆ ತೆಲುಗಾಗಿ, ಕಾಗದದ ಮೇಲೆ ಇಂಗ್ಲೀಷಾಗಿ ಇಳಿಯುವಷ್ಟರಲ್ಲಿ ಅದರ ಪ್ರಾಣವೇ ಹೋಗಿರುತ್ತದೆ. ನವೆಂಬರಿನಲ್ಲಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಕನ್ನಡದ ಶಬ್ದಸಂಪತ್ತನ್ನು ಕೊಂಡಾಡಿ ಚಪ್ಪಾಳೆ ಗಿಟ್ಟಿಸುವ ನಮ್ಮ ವಾಗ್ಮಿಗಳು ಆ ಸಂಪತ್ತಿನಲ್ಲಿ ಒಂದು ಕಾಸನ್ನಾದರೂ ಜಾಬ್ ಕಾರ್ಡಿನ ಮೇಲೆ ಖರ್ಚು ಮಾಡಿದ್ದುಂಟೆ? ಭಾಷೆಯು ಬಾಳುವುದು ವೇದಿಕೆಯ ಮೇಲಲ್ಲ. ಹಣ ಕಳೆದುಕೊಂಡವನು ನ್ಯಾಯ ಕೇಳುವ ಕಡೆ ಅದು ಉಪಯೋಗಕ್ಕೆ ಬಂದರೆ ಬಾಳುತ್ತದೆ.

ಎದುರು ಪಕ್ಷದವರ ಮಾತನ್ನೂ ಕೇಳಬೇಕಾದುದು ಧರ್ಮ. ಓಡುವ ಯಂತ್ರ ಯಾವುದೂ ಸಂಪೂರ್ಣ ನಿಶ್ಚಲವಲ್ಲ. ಈಗಿನ ಅನೇಕ ಸಣ್ಣ ಕಾರುಗಳ ಎಂಜಿನ್ನಿನಲ್ಲಿ ನಾಲ್ಕರ ಬದಲು ಮೂರು ಸಿಲಿಂಡರುಗಳಿವೆ. ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನದು ಸೆಕೆಂಡಿಗೆ ಸುಮಾರು 27 ಸಲ ಉರಿದರೆ ಮೂರು ಸಿಲಿಂಡರಿನದು 20 ಸಲ ಮಾತ್ರ ಉರಿಯುತ್ತದೆ. ತಾಳ ನಿಧಾನವಾದುದರಿಂದ ಅದುರು ಮೈಗೆ ಹೆಚ್ಚು ತಿಳಿಯುತ್ತದೆ. ಇದು ರಚನೆಯ ಸ್ವಭಾವ, ದೋಷವಲ್ಲ. ಹಳೆಯ ಗಾಡಿಯಿಂದ ಹೊಸದಕ್ಕೆ ಬಂದವರಿಗೆ ಇಲ್ಲದ ನಡುಕವೂ ಕಾಣಬಹುದು. ಸರ್ವಿಸ್ ಸೆಂಟರಿನ ಹುಡುಗರಿಗೆ ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕೆಂಬ ಒತ್ತಡವಿರುತ್ತದೆ. ಅವರ ಮೇಲೆ ಕೂಗಾಡುವುದು ಪೌರುಷವಲ್ಲ. ಇವೆಲ್ಲವನ್ನೂ ಒಪ್ಪಿದೆವು. ಆದರೆ ಸ್ವಭಾವವಾದರೆ ಸ್ವಭಾವವೆಂದು ಕಾಗದದ ಮೇಲೆ ಬರೆದು, ಅಳತೆ ನಮೂದಿಸಿ, ರುಜು ಹಾಕಿಕೊಡಲು ಅಡ್ಡಿಯೇನು? ಬಾಯಲ್ಲಿ ಹತ್ತು ಸಲ ಹೇಳಿದ್ದನ್ನು ಕಾಗದದ ಮೇಲೆ ಒಂದು ಸಲ ಬರೆಯಲು ಹಿಂಜರಿಯುವವನು ತನ್ನ ಮಾತನ್ನು ತಾನೇ ನಂಬುತ್ತಿಲ್ಲವೆಂದು ತಿಳಿಯಬೇಕು.

ಕಾನೂನು ನಮ್ಮ ಕಡೆಗೆ ಪೂರ್ತಿಯಾಗಿ ಇಲ್ಲ, ಪೂರ್ತಿಯಾಗಿ ಇಲ್ಲದೆಯೂ ಇಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯವು 1982ರಲ್ಲಿಯೇ ಕಾಯಿದೆ ಮಾಡಿ, ಹೊಸ ಗಾಡಿಯ ಒಂದೇ ದೋಷವನ್ನು ನಾಲ್ಕು ಸಲ ತಿದ್ದಲೆತ್ನಿಸಿಯೂ ಆಗದಿದ್ದರೆ, ಇಲ್ಲವೆ ಗಾಡಿಯು ಒಟ್ಟು 30 ದಿನ ದುರಸ್ತಿಯಲ್ಲಿಯೇ ಕಳೆದರೆ, ಕೊಂಡವನಿಗೆ ಬೇರೆ ಗಾಡಿ ಅಥವಾ ಹಣ ಕೇಳುವ ಹಾದಿ ಮಾಡಿಕೊಟ್ಟಿತು. ಸಿಂಗಪುರವು 2012ರಲ್ಲಿ ಇಂತಹ ಕಾಯಿದೆಯನ್ನು ಜಾರಿಗೆ ತಂದಿತು. ನಮ್ಮಲ್ಲಿ ಹೀಗೆ ಎಣಿಕೆ ಹೇಳುವ ಕಾಯಿದೆಯಿಲ್ಲ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರ ಮೊಕದ್ದಮೆಯಲ್ಲಿ, ವಾರಂಟಿಯ ಷರತ್ತು ಕೆಟ್ಟ ಭಾಗವನ್ನು ಬದಲಾಯಿಸಿಕೊಡುವುದಕ್ಕೆ ಸೀಮಿತವಾಗಿರುವಾಗ ಇಡೀ ಗಾಡಿಯನ್ನು ಬದಲಾಯಿಸಿಕೊಡಿ ಎನ್ನಲಾಗದು ಎಂದಿತು. ಆದರೆ 2010ರಲ್ಲಿ ಸಿ. ಎನ್. ಅನಂತರಾಮ್ ಅವರ ಮೊಕದ್ದಮೆಯಲ್ಲಿ, ಎಂಜಿನ್ನಿನ ಅಸಹಜ ಶಬ್ದದ ದೂರು ಬಂದಾಗ, ಸ್ವತಂತ್ರ ತಜ್ಞರಿಂದ ಗಾಡಿಯನ್ನು ಪರೀಕ್ಷಿಸಿ, ತಯಾರಿಕೆಯ ದೋಷ ಕಂಡುಬಂದರೆ ಹಣವನ್ನು ಹಿಂದಿರುಗಿಸಬೇಕೆಂದಿತು. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದು ಇದು: ನ್ಯಾಯಾಲಯವು ಕೇಳುವುದು ಕೊಂಡವನ ಕಣ್ಣೀರನ್ನಲ್ಲ, ತಜ್ಞನ ವರದಿಯನ್ನು.

ಆ ವರದಿಯನ್ನು ಪಡೆಯುವ ಹಾದಿಯೂ ಇದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 38ನೆಯ ಕಲಮಿನಂತೆ, ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಜಿಲ್ಲಾ ಆಯೋಗವು ವಸ್ತುವನ್ನು ತಕ್ಕ ಪ್ರಯೋಗಾಲಯದ ಪರೀಕ್ಷೆಗೆ ಒಪ್ಪಿಸಬಹುದು. ಅದರ ವರದಿಗೆ 45 ದಿನಗಳ ಅವಧಿಯಿದೆ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರನಿಂದ ಕೇಳಬಹುದು. ದೂರನ್ನು ಮಾರಾಟಗಾರನ ನಗರಕ್ಕೆ ಹೋಗಿ ಕೊಡಬೇಕೆಂಬ ನಿರ್ಬಂಧ ಈಗಿಲ್ಲ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ. 20 ಲಕ್ಷದವರೆಗೆ 400 ರೂಪಾಯಿ. ಆದರೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಕೊಡಬೇಕು. ‘ಮುಂದಿನ ಸರ್ವಿಸಿನಲ್ಲಿ ನೋಡೋಣ’ ಎಂಬ ಸವಿಮಾತಿನ ಸ್ವಾರಸ್ಯ ಈಗ ತಿಳಿಯಿತಷ್ಟೆ. ಕಾಲವು ಮಾರಾಟಗಾರನ ಪಕ್ಷದ ವಕೀಲ.

ಇನ್ನೊಂದು ಅಂಶವು ಒಬ್ಬನದಲ್ಲ, ಎಲ್ಲರದು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 110ಎ ಕಲಮಿನ ಪ್ರಕಾರ, ಅಪಾಯಕರವಾದ ದೋಷವನ್ನು ಗಾಡಿಯ ಮಾಲೀಕರು ತಕ್ಕ ಸಂಖ್ಯೆಯಲ್ಲಿ ವರದಿ ಮಾಡಿದರೆ ಆ ಮಾದರಿಯ ಗಾಡಿಗಳನ್ನೇ ಹಿಂದಕ್ಕೆ ಕರೆಸುವಂತೆ ಕೇಂದ್ರ ಸರಕಾರವು ತಯಾರಕನಿಗೆ ಆಜ್ಞೆ ಮಾಡಬಹುದು. ಈ ಏರ್ಪಾಡು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎಣಿಕೆಯ ಮೇಲೆ ನಿಂತ ಕಾನೂನಿನಲ್ಲಿ ಸುಮ್ಮನಿರುವವನು ತನಗೊಬ್ಬನಿಗೇ ಅಲ್ಲ, ಅದೇ ಗಾಡಿಯನ್ನು ಕೊಂಡ ಅಪರಿಚಿತನಿಗೂ ಅನ್ಯಾಯ ಮಾಡುತ್ತಾನೆ. ಎಲ್ಲ ನಡುಕವೂ ಅಪಾಯಕರವಲ್ಲ. ಆದರೆ ಸಡಿಲಾದ ಗಾಲಿಯ ಬೋಲ್ಟೂ ಮೊದಲು ನಡುಕವಾಗಿಯೇ ಮಾತಾಡುತ್ತದೆ. ಅದು ಯಾವುದೆಂದು ಹುಡುಕಿದ ಮೇಲಲ್ಲವೆ ತಿಳಿಯುವುದು?

ಇಷ್ಟು ಹೊತ್ತು ಮಾರುವವರನ್ನು ಕೇಳಿದ್ದಾಯಿತು. ಕೊಳ್ಳುವ ನಮ್ಮವರನ್ನೂ ಕೇಳದೆ ಬಿಟ್ಟರೆ ಮಾತು ಪಕ್ಷಪಾತವಾದೀತು. ಹೊಸ ಗಾಡಿಯಲ್ಲಿ ದೋಷವಿದೆಯೆಂದು ಹೇಳಿಕೊಂಡರೆ ನೆಂಟರಿಷ್ಟರ ಮುಂದೆ ಮಾನ ಹೋಗುತ್ತದೆಂದು ಅದನ್ನು ಮುಚ್ಚಿಡುವವರು ನಮ್ಮಲ್ಲಿ ಬಹಳ. ಸಂಬಂಧಿಯೊಬ್ಬರು ಸರಕಾರದಲ್ಲಿದ್ದಾರೆ, ಅವರಿಂದ ಒಂದು ಫೋನು ಮಾಡಿಸಿದರೆ ಸಾಕು ಎನ್ನುವವರು ಇನ್ನೂ ಬಹಳ. ಫೋನಿನಿಂದ ಒಬ್ಬನ ಗಾಡಿ ಸರಿಹೋಗಬಹುದು. ಫೋನಿಲ್ಲದ ಹತ್ತು ಜನರ ಗಾಡಿ ಹಾಗೆಯೇ ಉಳಿಯುತ್ತದೆ. ಸಂತೃಪ್ತಿಪತ್ರವನ್ನು ಓದದೆ ರುಜು ಹಾಕುವವರಂತೂ ತಮ್ಮ ಸಾಕ್ಷಿಯನ್ನು ತಾವೇ ಹರಿದೆಸೆಯುತ್ತಾರೆ. ಎಲ್ಲಕ್ಕಿಂತ ಹೀನವಾದುದು, ನಡುಗುವ ಗಾಡಿಯನ್ನು ಬಾಯಿ ಬಿಡದೆ ಇನ್ನೊಬ್ಬನಿಗೆ ದಾಟಿಸುವುದು. ಮಾರಾಟಗಾರನು ನಮಗೆ ಮಾಡಿದ್ದನ್ನು ನಾವು ನೆರೆಯವನಿಗೆ ಮಾಡಿದರೆ, ಅವನನ್ನು ದೂರುವ ಹಕ್ಕು ನಮಗೆಲ್ಲಿಯದು?

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕೊಂಡವನು ಹೇಳಿದ ಮಾತನ್ನು ಅವನು ಹೇಳಿದಂತೆಯೇ, ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಕೈಗೋ ಆಸನಕ್ಕೋ, ಬ್ರೇಕಿನಲ್ಲೋ ಏರಿನಲ್ಲೋ ಎಂಬುದರ ಸಮೇತ ಜಾಬ್ ಕಾರ್ಡಿನಲ್ಲಿ ಬರೆದು ಪ್ರತಿಯನ್ನು ಕೊಡಬೇಕು. ನಡುಕ ಬರುವ ವೇಗದಲ್ಲಿಯೇ, ಆ ವೇಗಕ್ಕೆ ಅನುಮತಿಯಿರುವ ರಸ್ತೆಯಲ್ಲಿಯೇ, ಅದೇ ಮಾದರಿಯ ಇನ್ನೊಂದು ಗಾಡಿಯೊಡನೆ ಹೋಲಿಸಿ ಪರೀಕ್ಷೆ ನಡೆಯಬೇಕು. ಈಗಿನ ಮೊಬೈಲು ಫೋನು ಕೂಡ ಸೆಕೆಂಡಿಗೆ ಎಷ್ಟು ಸಲ ನಡುಗಿತೆಂದು ಗೆರೆ ಎಳೆದು ತೋರಿಸಬಲ್ಲುದಾದುದರಿಂದ ಅಳತೆಯಿಲ್ಲವೆಂಬ ನೆಪ ಸಲ್ಲದು. ‘ಎಲ್ಲವೂ ಹೀಗೆಯೇ’ ಎನ್ನುವುದಾದರೆ ಆ ವಾಕ್ಯವನ್ನು ರುಜು, ತಾರೀಖುಗಳೊಡನೆ ಬರೆದುಕೊಡಬೇಕು. ಸರಕಾರವು ಕನೆಕ್ಟಿಕಟ್ಟಿನಂತೆ ಒಂದು ಎಣಿಕೆಯನ್ನು ಕಾಯಿದೆಯಲ್ಲಿ ಹೇಳಬೇಕು. ಐದನೆಯ ಸಲ ರಜೆ ಹಾಕಿಸುವ ಅಧಿಕಾರ ಯಾರಿಗೂ ಇರಬಾರದು.

ನಮ್ಮ ಸಂಘಗಳಿಗೂ ಇದರಲ್ಲಿ ಕೆಲಸವಿದೆ. ಮೈಸೂರಿನ ಗ್ರಾಹಕರ ಪರಿಷತ್ತಿನಂತಹ ಸಂಸ್ಥೆಗಳು ಕನ್ನಡನಾಡಿನಲ್ಲಿ ಗ್ರಾಹಕರ ಪರವಾಗಿ ಬಹುಕಾಲದಿಂದ ದುಡಿಯುತ್ತಿವೆ. ಗಡಿಯ ಈಚೆಗಿರುವ ನಾವು ಅಷ್ಟು ದೊಡ್ಡದನ್ನು ಕಟ್ಟಲಾರೆವಾದರೂ, ತಿಂಗಳ ಸಭೆಯಲ್ಲಿ ಒಂದು ಗಂಟೆಯನ್ನು ಮೀಸಲಿಟ್ಟು, ಬರೆಯಬಲ್ಲವರು ಬರೆಯಲಾರದವರಿಗೆ ದೂರುಪತ್ರ ಬರೆದುಕೊಡಬಹುದು. ಮೇಲೆ ಹೇಳಿದ ಕನ್ನಡದ ಮಾತುಗಳಿಗೆ ಎದುರಾಗಿ ತೆಲುಗಿನ, ಇಂಗ್ಲೀಷಿನ ಮಾತುಗಳನ್ನು ಬರೆದ ಒಂದು ಹಾಳೆಯನ್ನು ಅಚ್ಚು ಮಾಡಿ ಹಂಚಬಹುದು. ಕವಿಗೋಷ್ಠಿಗೆ ಬರುವವರಿಗಿಂತ ಹೆಚ್ಚು ಜನ ಆ ಹಾಳೆಗಾಗಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಬಂದವರಲ್ಲಿ ಕೆಲವರು ಕವಿಗೋಷ್ಠಿಗೂ ಉಳಿದಾರು.

ಯಂತ್ರಕ್ಕೆ ನಾಚಿಕೆಯಿಲ್ಲ; ದೋಷವಿದ್ದರೆ ಅದು ನಡುಗಿ ಹೇಳುತ್ತದೆ. ಕೇಳಿದವನು ಸಾಕ್ಷಿ. ಸಾಕ್ಷಿಯನ್ನು ಹುಚ್ಚನೆಂದು ಕಳುಹಿಸುವ ವ್ಯಾಪಾರ ಹೆಚ್ಚು ದಿನ ನಡೆಯಬಾರದು. ಅದು ನಿಲ್ಲಬೇಕಾದರೆ ಸಾಕ್ಷಿಯು ತನ್ನ ಮಾತನ್ನು ಬರೆದುಕೊಡಬೇಕು, ಬರೆಯಿಸಿಕೊಂಡೂ ಬರಬೇಕು.